ದುಡಿಮೆಯ ದಿನಗಳ ನಡುವೆ ಡಿಜೆ ಅಭ್ಯಾಸ: ವಾರಕ್ಕೆ ನಾಲ್ಕು ಬಾರಿ, ಇಪ್ಪತ್ತೈದು ನಿಮಿಷ

ಡಿಜೆ ಕಂಟ್ರೋಲರ್ (ಲ್ಯಾಪ್‌ಟಾಪ್‌ನಲ್ಲಿರುವ ಹಾಡುಗಳನ್ನು ಕೈಯಿಂದ ನಡೆಸುವ ಸಲಕರಣೆ) ಕೊಂಡು ಆರೆಂಟು ತಿಂಗಳಾದರೂ ಎರಡು ಹಾಡುಗಳನ್ನು ನೆಮ್ಮದಿಯಾಗಿ ಬೆಸೆಯಲು ಬರುತ್ತಿಲ್ಲ ಎಂದು ನನಗೆ ಬರೆಯುವವರೆಲ್ಲ ಕೊಡುವ ಕಾರಣ ಒಂದೇ: ಸಮಯವಿಲ್ಲ. ಕಚೇರಿ, ಟ್ರಾಫಿಕ್, ಅಡುಗೆ, ಮಕ್ಕಳ ಓದು ಮುಗಿಯುವಷ್ಟರಲ್ಲಿ ರಾತ್ರಿ ಹತ್ತಾಗಿರುತ್ತದೆ. ಭಾನುವಾರ ಮೂರು ಗಂಟೆ ಕುಳಿತರಾಯಿತು ಎಂದುಕೊಂಡರೆ ಆ ದಿನ ಯಾರದೋ ಗೃಹಪ್ರವೇಶವಿರುತ್ತದೆ. ಹೀಗೆ ಬರೆದವರಲ್ಲಿ ಕೆಲವರಿಗೆ, ಡೆಕ್, ಅಂದರೆ ಆ ಸಲಕರಣೆಯ ಮುಂದೆ ಕಳೆದ ಹೊತ್ತನ್ನು ಒಂದು ವಾರ ನಿಮಿಷದ ಲೆಕ್ಕದಲ್ಲಿ ಬರೆದಿಡಲು ಹೇಳಿದೆ. ಬಂದ ಲೆಕ್ಕಗಳು ಒಂದನ್ನೊಂದು ಹೋಲುತ್ತಿದ್ದವು. ಒಂದು ಗಂಟೆ ಕುಳಿತವರು ಅದರಲ್ಲಿ ನಲವತ್ತು ನಿಮಿಷವನ್ನು ತಂತಿ ಜೋಡಿಸಲು, ಸಾಫ್ಟ್‌ವೇರ್ ಅಪ್‌ಡೇಟ್ ಮುಗಿಯಲು ಕಾಯಲು, ಎಲ್ಲಕ್ಕಿಂತ ಹೆಚ್ಚಾಗಿ ಯಾವ ಹಾಡು ಹಾಕಲಿ ಎಂದು ಹುಡುಕಲು ಕಳೆದಿದ್ದರು. ಕೈ ಮತ್ತು ಕಿವಿ ಕಲಿತದ್ದು ಉಳಿದ ಇಪ್ಪತ್ತು ನಿಮಿಷದಲ್ಲಿ ಮಾತ್ರ.

ಆ ನಲವತ್ತು ನಿಮಿಷದ ಕೆಲಸವನ್ನು ಡೆಕ್‌ನಿಂದ ಆಚೆಗೆ ಸಾಗಿಸಿ, ಡೆಕ್ ಮುಂದಿನ ಹೊತ್ತನ್ನು ಪೂರ್ತಿಯಾಗಿ ಅಭ್ಯಾಸಕ್ಕೆ ಉಳಿಸಿಕೊಳ್ಳುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ. ದಯವಿಟ್ಟು ಹಂತಗಳನ್ನು ಹಿಂದುಮುಂದು ಮಾಡಬೇಡಿ. ಮೊದಲ ಮೂರನ್ನು ಬಿಟ್ಟು ನೇರವಾಗಿ ನಾಲ್ಕನೆಯದಕ್ಕೆ ಹೋದವರು ಎರಡು ವಾರದಲ್ಲಿ ನಿಲ್ಲಿಸಿರುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ಮೊದಲು ಕೈಯಲ್ಲಿರಬೇಕಾದವು

ಎರಡು ಚಾನೆಲ್‌ನ (ಒಮ್ಮೆಗೆ ಎರಡು ಹಾಡು ನುಡಿಸಬಲ್ಲ) ಸಾಧಾರಣ ಕಂಟ್ರೋಲರ್, ಲ್ಯಾಪ್‌ಟಾಪ್, ಕಿವಿಯನ್ನು ಪೂರ್ತಿ ಮುಚ್ಚುವ ತಂತಿಯ ಹೆಡ್‌ಫೋನ್, ಒಂದು ಚಿಕ್ಕ ನೋಟ್‌ಬುಕ್ ಮತ್ತು ಅಲಾರಂ ಇರುವ ಗಡಿಯಾರ ಇದ್ದರೆ ಸಾಕು. ಬ್ಲೂಟೂತ್ ಹೆಡ್‌ಫೋನ್ ಈ ಕೆಲಸಕ್ಕೆ ಒಗ್ಗುವುದಿಲ್ಲ. ಅದರಲ್ಲಿ ಧ್ವನಿ ತಡವಾಗಿ ಕಿವಿಗೆ ತಲುಪುವುದರಿಂದ ಕೈ ಮಾಡಿದ್ದಕ್ಕೂ ಕಿವಿ ಕೇಳಿದ್ದಕ್ಕೂ ತಾಳೆಯಾಗುವುದಿಲ್ಲ. ಗಡಿಯಾರ ಬೇರೆಯೇ ಇರಲಿ ಎನ್ನುವುದಕ್ಕೂ ಕಾರಣವಿದೆ. ಸಮಯ ನೋಡಲೆಂದು ಫೋನ್ ಎತ್ತಿದ ಕೈ ಸಂದೇಶಗಳನ್ನು ಓದದೆ ಅದನ್ನು ಕೆಳಗಿಡುವುದು ಅಪರೂಪ.

ಸಾಫ್ಟ್‌ವೇರ್ ವಿಷಯದಲ್ಲಿ ಹೆಚ್ಚು ಯೋಚಿಸಬೇಕಾಗಿಲ್ಲ. ಕಂಟ್ರೋಲರ್‌ನೊಂದಿಗೆ ಬಳಸಲು ಸಿಗುವ ರೆಕಾರ್ಡ್‌ಬಾಕ್ಸ್ ಅಥವಾ ಸೆರಾಟೊ ಲೈಟ್ ಸಾಕು. ಯಾವುದೂ ಇಲ್ಲದವರಿಗೆ ಮಿಕ್ಸ್ (Mixxx) ಎಂಬ ಹೆಸರಿನ ಮುಕ್ತ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಒಂದನ್ನು ಆರಿಸಿಕೊಂಡ ಮೇಲೆ ಕನಿಷ್ಠ ಆರು ತಿಂಗಳು ಬದಲಿಸಬೇಡಿ.

ಹಂತ 1: ಒಂದು ವಾರ ಬರೆದಿಡಿ, ಆಮೇಲೆ ಹೊತ್ತನ್ನು ಗೊತ್ತುಮಾಡಿ

ಮೊದಲ ವಾರ ದಿನಚರಿಯಲ್ಲಿ ಏನನ್ನೂ ಬದಲಿಸದೆ, ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಎಲ್ಲೆಲ್ಲಿ ಅರ್ಧ ಗಂಟೆಯ ತುಂಡುಗಳು ಬಿಡುವಾಗಿ ಸಿಗುತ್ತವೆ ಎಂಬುದನ್ನು ಮಾತ್ರ ನೋಟ್‌ಬುಕ್‌ನಲ್ಲಿ ಗುರುತಿಸಿ. ಸಿಕ್ಕಿದ ತುಂಡುಗಳನ್ನು ಎರಡು ಬಗೆಯಾಗಿ ವಿಂಗಡಿಸಿ: ಮನೆಯಲ್ಲಿದ್ದು ಕೈಗಳೂ ಬಿಡುವಾಗಿರುವ ಹೊತ್ತು ಒಂದು, ಕೈ ಬಿಡುವಿಲ್ಲದಿದ್ದರೂ ಅಥವಾ ಮನೆಯಿಂದ ಹೊರಗಿದ್ದರೂ ಕಿವಿ ಬಿಡುವಾಗಿರುವ ಹೊತ್ತು ಇನ್ನೊಂದು. ಮೊದಲ ಬಗೆಯದು ಡೆಕ್‌ಗೆ. ಎರಡನೆಯದು ಮೂರನೇ ಹಂತಕ್ಕೆ.

ಮೊದಲ ಬಗೆಯಿಂದ ವಾರಕ್ಕೆ ನಾಲ್ಕನ್ನು ಮಾತ್ರ ಆರಿಸಿಕೊಳ್ಳಿ. ಪ್ರತಿದಿನ ಎಂದು ಶಪಥ ಮಾಡಿದವರು ಒಂದು ದಿನ ತಪ್ಪಿದೊಡನೆ ಇಡೀ ವಾರವನ್ನೇ ಕೈಬಿಡುತ್ತಾರೆ. ಗೊತ್ತುಮಾಡುವಾಗ ಗಡಿಯಾರದ ಗಂಟೆಗೆ ಕಟ್ಟಿಕೊಳ್ಳುವ ಬದಲು ಈಗಾಗಲೇ ತಪ್ಪದೆ ನಡೆಯುತ್ತಿರುವ ಯಾವುದಾದರೊಂದು ಕೆಲಸದ ಬೆನ್ನಿಗೆ ಕಟ್ಟಿ: ಬೆಳಗಿನ ಕಾಫಿ ಮುಗಿದ ಮೇಲೆ, ಮಗುವನ್ನು ಶಾಲೆಯ ಬಸ್ಸಿಗೆ ಹತ್ತಿಸಿ ಬಂದ ಮೇಲೆ, ಸಂಜೆ ಕೈಕಾಲು ತೊಳೆದ ಮೇಲೆ. ಕಾಫಿ ಅರ್ಧ ಗಂಟೆ ತಡವಾದರೆ ಅಭ್ಯಾಸವೂ ಅರ್ಧ ಗಂಟೆ ತಡವಾಗುತ್ತದೆಯೇ ಹೊರತು ತಪ್ಪುವುದಿಲ್ಲ. ಹೊರದೇಶದ ಗ್ರಾಹಕರಿಗಾಗಿ ರಾತ್ರಿ ಪಾಳಿಯಲ್ಲಿ ದುಡಿಯುವವರು ನಿದ್ದೆ ಮುಗಿಸಿ ಎದ್ದ ಮೊದಲ ಗಂಟೆಯನ್ನು ಇದಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಪಾಳಿ ಮುಗಿಸಿ ಬಂದಾಗ ಕಿವಿ ದಣಿದಿರುತ್ತದೆ.

ಇಲ್ಲಿ ಆಗುವ ದೊಡ್ಡ ತಪ್ಪು ಭಾನುವಾರದ ಮೂರು ಗಂಟೆಯನ್ನು ನಂಬುವುದು. ಆರು ದಿನದ ಅಂತರದಲ್ಲಿ ಕಿವಿಯ ಸೂಕ್ಷ್ಮತೆ ಇಳಿದಿರುವುದರಿಂದ ಮೊದಲ ಗಂಟೆ ಹಿಂದಿನ ವಾರದ ಮಟ್ಟಕ್ಕೆ ಮರಳುವುದರಲ್ಲಿಯೇ ಕಳೆಯುತ್ತದೆ, ಕೊನೆಯ ಗಂಟೆಯಲ್ಲಿ ದಣಿದ ಕಿವಿ ತಪ್ಪನ್ನು ತಪ್ಪೆಂದು ಗುರುತಿಸುವುದನ್ನೇ ಬಿಡುತ್ತದೆ.

ಹಂತ 2: ಸಲಕರಣೆ ಸದಾ ಜೋಡಿಸಿಯೇ ಇರಲಿ

ಪೆಟ್ಟಿಗೆಯಲ್ಲಿಟ್ಟು ಅಟ್ಟದ ಮೇಲೆ ಏರಿಸಿದ ಕಂಟ್ರೋಲರ್ ಅಲ್ಲಿಂದ ಕೆಳಗಿಳಿಯುವುದು ಕಷ್ಟ. ನಿಂತ ಜಾಗದಿಂದ ಮೊದಲ ಧ್ವನಿ ಹೊರಡುವವರೆಗೆ ಎರಡು ನಿಮಿಷ ಮೀರಬಾರದು. ಗಡಿಯಾರ ಹಿಡಿದು ಒಮ್ಮೆ ಪರೀಕ್ಷಿಸಿಕೊಳ್ಳಿ. ನಾನು ಮೊದಲ ಬಾರಿ ಅಳೆದಾಗ ಹನ್ನೊಂದು ನಿಮಿಷವಾಗಿತ್ತು, ಅದರಲ್ಲಿ ನಾಲ್ಕು ನಿಮಿಷ ಯುಎಸ್‌ಬಿ ತಂತಿಯನ್ನು ಹುಡುಕಲು ಹೋಗಿತ್ತು. ಅಂದಿನಿಂದ ಆ ತಂತಿ ಕಂಟ್ರೋಲರ್‌ನಿಂದ ಕಳಚಿಲ್ಲ.

ಬೇರೆ ಮೇಜಿಗೆ ಜಾಗವಿಲ್ಲದ ಮನೆಗಳಲ್ಲಿ ಒಂದು ಹಲಗೆಯ ಉಪಾಯ ಚೆನ್ನಾಗಿ ಕೆಲಸ ಮಾಡುತ್ತದೆ. ಎರಡೂವರೆ ಅಡಿ ಉದ್ದ, ಎರಡು ಅಡಿ ಅಗಲದ ಪ್ಲೈವುಡ್ ತುಂಡಿನ ಮೇಲೆ ಕಂಟ್ರೋಲರ್ ಮತ್ತು ಲ್ಯಾಪ್‌ಟಾಪ್‌ನ ಸ್ಟ್ಯಾಂಡ್ ಎರಡನ್ನೂ ನಿಲ್ಲಿಸಿ, ತಂತಿಗಳನ್ನು ಹಲಗೆಗೇ ಬಿಗಿದು, ಇಡೀ ಹಲಗೆಯನ್ನು ಮಂಚದ ಕೆಳಗೆ ತಳ್ಳಿಡಿ. ಬೇಕೆಂದಾಗ ಎಳೆದು ಊಟದ ಮೇಜಿನ ಮೇಲಿಟ್ಟರೆ ಮುಗಿಯಿತು. ಮೇಲೆ ಒಂದು ಹಳೆಯ ಹತ್ತಿ ಪಂಚೆಯನ್ನು ಮಡಿಸಿ ಹೊದಿಸುವುದನ್ನು ಮರೆಯಬೇಡಿ. ಫೇಡರ್ (ಧ್ವನಿಯನ್ನು ಏರಿಳಿಸುವ ಜಾರುಗುಂಡಿ) ಸರಿಸುವಾಗ ಕರಕರ ಸದ್ದು ಬಂದರೆ ಒಳಗೆ ಧೂಳು ಸೇರಿದೆ ಎಂದೇ ತಿಳಿಯಿರಿ, ರಸ್ತೆಯ ಬದಿಯ ಮನೆಗಳಲ್ಲಿ ಇದು ಬೇಗನೆ ಆಗುತ್ತದೆ.

ಡಿಡಿಜೆ-ಎಫ್‌ಎಲ್‌ಎಕ್ಸ್4 ತರಹದ ಚಿಕ್ಕ ಕಂಟ್ರೋಲರ್‌ಗಳು ಯುಎಸ್‌ಬಿ ತಂತಿಯಿಂದಲೇ ವಿದ್ಯುತ್ ಪಡೆಯುವುದರಿಂದ, ಲ್ಯಾಪ್‌ಟಾಪ್‌ನ ಬ್ಯಾಟರಿ ತುಂಬಿದ್ದರೆ ಕರೆಂಟ್ ಹೋದರೂ ಹೆಡ್‌ಫೋನ್‌ನಲ್ಲಿ ಅಭ್ಯಾಸ ಮುಂದುವರಿಯುತ್ತದೆ. ಲ್ಯಾಪ್‌ಟಾಪ್‌ನ ತಾನೇತಾನಾಗಿ ನಡೆಯುವ ಅಪ್‌ಡೇಟ್‌ಗಳನ್ನು ಅಭ್ಯಾಸದ ಹೊತ್ತಿನಿಂದ ದೂರದ ಗಂಟೆಗೆ ಬದಲಿಸಿ.

ಹಂತ 3: ಹಾಡು ಹುಡುಕುವ ಕೆಲಸವನ್ನು ಡೆಕ್‌ನಿಂದ ಹೊರಗೆ ಸಾಗಿಸಿ

ಈ ಹಂತವನ್ನು ಒಪ್ಪಿಕೊಳ್ಳುವುದು ಹೆಚ್ಚಿನವರಿಗೆ ಕಷ್ಟ, ಆದರೆ ಉಳಿದದ್ದೆಲ್ಲ ಇದರ ಮೇಲೆಯೇ ನಿಂತಿದೆ. ಡೆಕ್ ಮುಂದೆ ಕುಳಿತ ಮೇಲೆ ಹೊಸ ಹಾಡನ್ನು ಹುಡುಕಬಾರದು, ಡೌನ್‌ಲೋಡ್ ಮಾಡಬಾರದು, ಪಟ್ಟಿಗಳನ್ನು ಜೋಡಿಸಬಾರದು. ಆ ಕೆಲಸಕ್ಕೆ ಎರಡು ಬೇರೆ ಹೊತ್ತುಗಳಿವೆ.

ಮೊದಲನೆಯದು ಪ್ರಯಾಣ. ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ 43 ಕಿಲೋಮೀಟರ್ ಚಾಚಿರುವ ಬೆಂಗಳೂರು ಮೆಟ್ರೊದ ನೇರಳೆ ಮಾರ್ಗದಲ್ಲಿ ಅರ್ಧ ದೂರ ಹೋಗುವವರಿಗೂ ಹೋಗಿಬರುವಾಗ ಹತ್ತಾರು ಹಾಡುಗಳನ್ನು ಕೇಳುವಷ್ಟು ಹೊತ್ತು ಸಿಗುತ್ತದೆ. ಆದರೆ ಸುಮ್ಮನೆ ಕೇಳಿದರೆ ಪ್ರಯೋಜನವಿಲ್ಲ. ಪ್ರತಿ ಹಾಡಿನಲ್ಲೂ ನಾಲ್ಕು ಸಂಗತಿಗಳನ್ನು ಗುರುತುಹಾಕಿಕೊಳ್ಳಿ: ಬರೀ ತಾಳವಾದ್ಯ ಇರುವ ಆರಂಭ ಎಷ್ಟು ಉದ್ದವಿದೆ, ಗಾಯನ ಎಲ್ಲಿ ಶುರುವಾಗುತ್ತದೆ, ಬೀಟ್ ಎಲ್ಲಿ ನಿಂತು ಮತ್ತೆ ಬರುತ್ತದೆ, ಕೊನೆಯಲ್ಲಿ ಗಾಯನ ಮುಗಿದ ಮೇಲೆ ಎಷ್ಟು ಉಳಿದಿದೆ. ಬಸ್ಸು ಅಥವಾ ಮೆಟ್ರೊದಲ್ಲಿ ಕುಳಿತವರಿಗೆ ಮಾತ್ರ ಈ ಮಾತು ಅನ್ವಯಿಸುತ್ತದೆ. ಸ್ಕೂಟರ್ ಓಡಿಸುವಾಗ ಕಿವಿಗೆ ಏನನ್ನೂ ಸಿಕ್ಕಿಸಿಕೊಳ್ಳಬಾರದು.

ಎಣಿಕೆಯ ಅಭ್ಯಾಸವನ್ನೂ ಇಲ್ಲಿಯೇ ಮಾಡಬಹುದು. ಹೌಸ್ ತರಹದ ನೃತ್ಯಸಂಗೀತದಲ್ಲಿ ಬದಲಾವಣೆಗಳು ಸಾಮಾನ್ಯವಾಗಿ 32 ಬೀಟ್‌ಗಳಿಗೊಮ್ಮೆ ಬರುತ್ತವೆ. ಚಿಕ್ಕಂದಿನಲ್ಲಿ ಒಂದಿಷ್ಟು ದಿನವಾದರೂ ಸಂಗೀತದ ಪಾಠಕ್ಕೆ ಹೋದವರಿಗೆ ಇದು ಸುಲಭ: ಆದಿತಾಳದ ಒಂದು ಆವರ್ತಕ್ಕೆ ಎಂಟು ಅಕ್ಷರ, ಆದ್ದರಿಂದ ನಾಲ್ಕು ಆವರ್ತಕ್ಕೆ 32. ತೊಡೆಯ ಮೇಲೆ ಸದ್ದಿಲ್ಲದೆ ಒಂದು ತಟ್ಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಆಮೇಲೆ ತಟ್ಟಿ ತಿರುವು, ತಟ್ಟಿ ತಿರುವು. ನಾಲ್ಕನೆಯ ಆವರ್ತದ ಕೊನೆಯ ತಿರುವು ಮುಗಿದು ಮುಂದಿನ ತಟ್ಟು ಬೀಳುವಾಗ ಸರಿಯಾಗಿ ಹಾಡಿನಲ್ಲಿ ಹೊಸ ವಾದ್ಯವೊಂದು ಸೇರಿದರೆ ನಿಮ್ಮ ಎಣಿಕೆ ಸರಿಯಿದೆ. ಹದಿನೈದು ದಿನ ಹೀಗೆ ಮಾಡಿದ ಮೇಲೆ ಎಣಿಸದೆಯೇ ಬದಲಾವಣೆ ಬರುವುದು ಮೈಗೆ ತಿಳಿಯತೊಡಗುತ್ತದೆ.

ಎರಡನೆಯ ಹೊತ್ತು ವಾರಕ್ಕೊಮ್ಮೆ ನಲವತ್ತು ನಿಮಿಷ, ಲ್ಯಾಪ್‌ಟಾಪ್ ಮಾತ್ರ ತೆರೆದು ಮಾಡುವ ಸಿದ್ಧತೆ. ಪ್ರಯಾಣದಲ್ಲಿ ಮೆಚ್ಚಿದ ಹಾಡುಗಳಿಂದ ಐದನ್ನು ಸೇರಿಸಿ, ಹಳೆಯ ಐದನ್ನು ತೆಗೆದು, ಇಪ್ಪತ್ತೇ ಹಾಡುಗಳ ಒಂದು ಅಭ್ಯಾಸದ ಪಟ್ಟಿಯನ್ನು ಕಾಪಾಡಿಕೊಳ್ಳಿ. ಪ್ರತಿ ಹಾಡಿಗೆ ಎರಡು ಹಾಟ್ ಕ್ಯೂ (ಗುಂಡಿ ಒತ್ತಿದೊಡನೆ ಹಾಡು ನೇರವಾಗಿ ಅಲ್ಲಿಗೆ ಹೋಗುವ ಗುರುತು) ಕಡ್ಡಾಯ: ಒಳಬರುವ ಜಾಗಕ್ಕೆ ಒಂದು, ಹೊರಹೋಗುವ ಜಾಗಕ್ಕಿಂತ 16 ಬೀಟ್ ಮೊದಲು ಇನ್ನೊಂದು. ನಾಲ್ಕು ದಿನದ ಅಭ್ಯಾಸಕ್ಕೆ ನಾಲ್ಕು ಜೋಡಿಗಳನ್ನು ಆಗಲೇ ನೋಟ್‌ಬುಕ್‌ನಲ್ಲಿ ಬರೆದಿಡಿ.

ಬೀಟ್‌ಗ್ರಿಡ್ (ಹಾಡಿನ ಬೀಟ್‌ಗಳ ಮೇಲೆ ಸಾಫ್ಟ್‌ವೇರ್ ಎಳೆಯುವ ಗೆರೆಗಳು) ಪರೀಕ್ಷಿಸುವುದನ್ನು ಬಿಡಬೇಡಿ. ಹಾಡಿನ ಆರಂಭದಲ್ಲಿ ಗೆರೆಗಳು ಕಿಕ್, ಅಂದರೆ ದೊಡ್ಡ ಡ್ರಮ್‌ನ ಹೊಡೆತದ ಮೇಲೆ ಕುಳಿತಿದ್ದರೆ ಸಾಲದು, ಕೊನೆಗೆ ಹೋಗಿಯೂ ನೋಡಬೇಕು. ಕಲಾವಿದರು ಒಟ್ಟಿಗೆ ಕುಳಿತು ನುಡಿಸಿದ ಹಳೆಯ ಚಿತ್ರಗೀತೆಗಳಲ್ಲಿ ವೇಗ ಚೂರುಚೂರೇ ಏರಿಳಿಯುತ್ತದೆ. ಆರಂಭದಲ್ಲಿ ಸರಿಯಿದ್ದ ಗೆರೆ ಎರಡನೇ ಚರಣದ ಹೊತ್ತಿಗೆ ಜಾರಿರುತ್ತದೆ, ಅಲ್ಲಿ ಎರಡು ಹಾಡುಗಳ ಬೀಟ್ ಅನ್ನು ತಾನೇ ಹೊಂದಿಸುವ ಸಿಂಕ್ ಗುಂಡಿಯನ್ನು ನಂಬಿದರೆ ಮಿಕ್ಸ್ ಕೆಡುತ್ತದೆ. ಮೂರರ ಎಣಿಕೆಯಲ್ಲಿ ಸಾಗುವ ತಿಶ್ರ ನಡೆಯ ಹಾಡುಗಳಲ್ಲಿ ಸಾಫ್ಟ್‌ವೇರ್ ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್ ಎಂಬ ಲೆಕ್ಕ) ಅನ್ನೇ ತಪ್ಪಾಗಿ ಎಣಿಸುವುದುಂಟು. ಮದುವೆ ಆರತಕ್ಷತೆಗಳಲ್ಲಿ ನುಡಿಸುವವರಿಗೆ ಇಂತಹ ಹಾಡುಗಳಿಲ್ಲದೆ ನಡೆಯುವುದಿಲ್ಲವಾದ್ದರಿಂದ, ಇವನ್ನು ಬೇರೆ ಬಣ್ಣದಲ್ಲಿ ಗುರುತಿಸಿ, ಉದ್ದದ ಬೆಸುಗೆಯ ಬದಲು ನಾಲ್ಕು ಬೀಟ್‌ಗಳನ್ನೇ ಮರುಕಳಿಸುವ ಲೂಪ್ ಅಥವಾ ಪ್ರತಿಧ್ವನಿಯ ಎಕೋ ಹಾಕಿ ಹೊರಬರುವ ಅಭ್ಯಾಸಕ್ಕೆ ಇಟ್ಟುಕೊಳ್ಳಿ.

ಹಂತ 4: ಇಪ್ಪತ್ತೈದು ನಿಮಿಷವನ್ನು ಹೀಗೆ ಹಂಚಿ

ಕುಳಿತೊಡನೆ ಫೋನನ್ನು ಇನ್ನೊಂದು ಕೋಣೆಯಲ್ಲಿಟ್ಟು, ಗಡಿಯಾರಕ್ಕೆ 25 ನಿಮಿಷದ ಅಲಾರಂ ಇಡಿ.

ಮೊದಲ ಐದು ನಿಮಿಷ ಕಿವಿಯಿಂದಲೇ ಬೀಟ್ ಹೊಂದಿಸುವುದಕ್ಕೆ. ಸಿಂಕ್ ಆಫ್ ಮಾಡಿ, ಪರದೆಯಲ್ಲಿ ಬಿಪಿಎಂ ಮತ್ತು ಅಲೆಗಳು ಕಾಣುವ ಭಾಗದ ಮೇಲೆ ಒಂದು ಕಾಗದ ಅಡ್ಡ ಇಟ್ಟು, ಟೆಂಪೊ ಸ್ಲೈಡರ್ ಅನ್ನು ಕಣ್ಣುಮುಚ್ಚಿ ಎತ್ತಲಾದರೂ ಸರಿಸಿ, ಹೆಡ್‌ಫೋನ್‌ನಲ್ಲಿ ಕೇಳುತ್ತ ಮರಳಿ ಹೊಂದಿಸಿ. ಎರಡು ಹಾಡುಗಳ ನಡುವೆ 1 ಬಿಪಿಎಂ ವ್ಯತ್ಯಾಸವಿದ್ದರೆ ಒಂದು ನಿಮಿಷದಲ್ಲಿ ಒಂದು ಪೂರ್ತಿ ಬೀಟ್‌ನಷ್ಟು ಜಾರುತ್ತದೆ; ಅರ್ಧ ನಿಮಿಷದಲ್ಲೇ ಒಂದರ ಕಿಕ್ ಇನ್ನೊಂದರ ಎರಡು ಕಿಕ್‌ಗಳ ನಟ್ಟನಡುವೆ ಬೀಳುತ್ತದೆ. ಆ ಜಾರುವಿಕೆ ಆರಂಭವಾಗುವಾಗ ಎರಡು ಕಿಕ್‌ಗಳು ಬೆನ್ನುಬೆನ್ನಿಗೆ ಬಿದ್ದು ಕುದುರೆಯ ಗೊರಸಿನಂತಹ ಸದ್ದು ಬರುತ್ತದೆ. ಆ ಸದ್ದನ್ನು ಮೊದಲ ಕ್ಷಣದಲ್ಲಿ ಹಿಡಿದು, ಹೊಸ ಹಾಡು ಮುಂದಿದೆಯೋ ಹಿಂದಿದೆಯೋ ಎಂದು ನಿರ್ಧರಿಸಿ, ಕಂಟ್ರೋಲರ್‌ನ ತಿರುಗುವ ತಟ್ಟೆಯಾದ ಜಾಗ್ ವೀಲ್ ಅನ್ನು ಬೆರಳ ತುದಿಯಿಂದ ತಳ್ಳುವುದೇ ಈ ಐದು ನಿಮಿಷದ ಗುರಿ. ಸಿಂಕ್ ಇರುವಾಗ ಇದೆಲ್ಲ ಯಾಕೆ ಎಂದು ಕೇಳುವವರಿಗೆ ಮೇಲೆ ಹೇಳಿದ ಹಳೆಯ ಚಿತ್ರಗೀತೆಯೇ ಉತ್ತರ.

ನಂತರದ ಹದಿನೈದು ನಿಮಿಷ ಒಂದೇ ಜೋಡಿ ಹಾಡುಗಳಿಗೆ, ಅದೂ ಬೆಸುಗೆಯ ಭಾಗಕ್ಕೆ ಮಾತ್ರ. ಹಾಡುಗಳನ್ನು ಪೂರ್ತಿ ನುಡಿಸುತ್ತ ಹೋದರೆ, ನಾಲ್ಕು ನಿಮಿಷಕ್ಕೊಂದರಂತೆ ಹದಿನೈದು ನಿಮಿಷದಲ್ಲಿ ಮೂರು ನಾಲ್ಕು ಬೆಸುಗೆಗಳಷ್ಟೇ ಸಿಗುತ್ತವೆ. 128 ಬಿಪಿಎಂನಲ್ಲಿ 64 ಬೀಟ್‌ಗಳಿಗೆ ಸರಿಯಾಗಿ 30 ಸೆಕೆಂಡ್ ಬೇಕು. ಹಾಟ್ ಕ್ಯೂ ಒತ್ತಿ 16 ಬೀಟ್ ಮೊದಲಿನಿಂದ ಶುರುಮಾಡಿ, ಬೆಸೆದು, ಮತ್ತೆ ಮೊದಲಿನ ಸ್ಥಿತಿಗೆ ತಂದರೆ ಒಂದು ನಿಮಿಷವಾಗುತ್ತದೆ. ಅಂದರೆ ಅದೇ ಹದಿನೈದು ನಿಮಿಷದಲ್ಲಿ ಒಂದೇ ಬೆಸುಗೆಯನ್ನು ಹದಿನೈದು ಬಾರಿ ಮಾಡಬಹುದು. ಬಿಡುವಿಲ್ಲದವರು ವೇಗವಾಗಿ ಮುಂದೆ ಸಾಗಲು ನಾನು ಬಲ್ಲ ದಾರಿ ಇದೊಂದೇ.

ಹದಿನೈದನ್ನೂ ಒಂದೇ ರೀತಿ ಮಾಡಬೇಡಿ. ಮೊದಲ ಐದರಲ್ಲಿ ಒಳಬರುವ ಹಾಡಿನ ಬೇಸ್ (ತಗ್ಗಿನ ಧ್ವನಿ) ಅನ್ನು ಈಕ್ಯೂ ಗುಂಡಿಯಲ್ಲಿ ಪೂರ್ತಿ ಇಳಿಸಿಟ್ಟು, 32 ಬೀಟ್ ಮುಗಿದು 33ನೆಯದು ಬೀಳುವಾಗ ಹಳೆಯದರ ಬೇಸ್ ಇಳಿಸಿ ಹೊಸದರದ್ದನ್ನು ಏರಿಸಿ. ಎರಡೂ ಬೇಸ್ ಒಟ್ಟಿಗೆ ತೆರೆದಿದ್ದರೆ ಧ್ವನಿ ಮಂಕಾಗಿ ಗುಮ್ಮೆನ್ನುತ್ತದೆ ಮತ್ತು ಮೀಟರ್ ಕೆಂಪಿಗೆ ಹೋಗುತ್ತದೆ. ಮುಂದಿನ ಐದರಲ್ಲಿ ಒಂದು ಅಡಚಣೆಯನ್ನು ಬೇಕೆಂದೇ ತನ್ನಿ: ಹೊಸ ಹಾಡನ್ನು ಎಂಟು ಬೀಟ್ ತಡವಾಗಿ ಬಿಟ್ಟು, ಅದನ್ನು ಹೇಗೆ ಸರಿಪಡಿಸುವುದು ಎಂದು ನೋಡಿ. ಕಾರ್ಯಕ್ರಮದಲ್ಲಿ ಗಾಬರಿಯಾದಾಗ ಕೈಗೆ ನೆನಪಾಗುವುದು ಇದೇ ಅಭ್ಯಾಸ. ಉಳಿದ ಐದು ನಿಮ್ಮ ಇಷ್ಟದಂತೆ.

ಕೊನೆಯ ಐದು ನಿಮಿಷ ರೆಕಾರ್ಡ್ ಗುಂಡಿ ಒತ್ತಿ, ಅದೇ ಜೋಡಿಯನ್ನು ನಿಲ್ಲಿಸದೆ, ತಿದ್ದದೆ ನುಡಿಸಿ. ಸ್ಟ್ರೀಮಿಂಗ್ ಸೇವೆಯ ಹಾಡುಗಳನ್ನು ಬಳಸುವಾಗ ಹಲವು ಸಾಫ್ಟ್‌ವೇರ್‌ಗಳು ರೆಕಾರ್ಡ್ ಮಾಡಲು ಬಿಡುವುದಿಲ್ಲ, ಆದ್ದರಿಂದ ಅಭ್ಯಾಸದ ಇಪ್ಪತ್ತು ಹಾಡುಗಳಾದರೂ ನೀವು ಕೊಂಡ ಫೈಲುಗಳಾಗಿರಲಿ. ಅಲಾರಂ ಹೊಡೆದೊಡನೆ ಎದ್ದುಬಿಡಿ. ಇನ್ನೂ ಬೇಕೆನ್ನಿಸುವಾಗ ಎದ್ದವರಿಗೆ ಮರುದಿನ ಬಂದು ಕೂರುವ ಮನಸ್ಸಿರುತ್ತದೆ.

ಹಂತ 5: ರೆಕಾರ್ಡ್ ಆದದ್ದನ್ನು ಮರುದಿನ ಕೇಳಿ

ಅದೇ ರಾತ್ರಿ ಕೇಳಬೇಡಿ. ಕೈ ಇನ್ನೂ ಬಿಸಿಯಿರುವಾಗ ನಾವು ಮಾಡಬೇಕೆಂದುಕೊಂಡದ್ದು ಕೇಳಿಸುತ್ತದೆ, ಮಾಡಿದ್ದು ಕೇಳಿಸುವುದಿಲ್ಲ. ಮರುದಿನದ ಪ್ರಯಾಣದಲ್ಲಿ ಒಮ್ಮೆ ಕೇಳಿ, ತಪ್ಪು ಕಂಡ ನಿಮಿಷ ಮತ್ತು ಅದರ ಕಾರಣವನ್ನು ಒಂದೇ ಸಾಲಿನಲ್ಲಿ ಬರೆಯಿರಿ. ‘2.10: ಬೇಸ್ ನಾಲ್ಕು ಬೀಟ್ ತಡ’ ಎಂಬಷ್ಟು ಸಾಕು. ‘ಚೆನ್ನಾಗಿ ಬರಲಿಲ್ಲ’ ಎಂದು ಬರೆದರೆ ಮುಂದಿನ ದಿನ ಏನು ಮಾಡಬೇಕೆಂಬುದು ತಿಳಿಯುವುದಿಲ್ಲ. ಆ ಒಂದು ಸಾಲೇ ಮುಂದಿನ ಅಭ್ಯಾಸದ ಮೊದಲ ಐದು ಬೆಸುಗೆಗಳ ಗುರಿ.

ಹಂತ 6: ಮನೆಯವರು, ನೆರೆಯವರು, ನಿಮ್ಮ ಕಿವಿ

ಮನೆಯವರಿಗೆ ನಾಲ್ಕು ದಿನಗಳ ಹೊತ್ತನ್ನು ಮುಂಚಿತವಾಗಿ ತಿಳಿಸಿ, ಅಲಾರಂ ಹೊಡೆದ ಮೇಲೆ ಎದ್ದು ಬರುವ ಮಾತನ್ನು ಉಳಿಸಿಕೊಳ್ಳಿ. ಹತ್ತು ನಿಮಿಷ ಎಂದು ಹೇಳಿ ಒಂದು ಗಂಟೆ ಮಾಡಿದವರ ಅಭ್ಯಾಸಕ್ಕೆ ಮನೆಯಲ್ಲಿ ಎರಡನೇ ಬಾರಿ ಬೆಂಬಲ ಸಿಗುವುದಿಲ್ಲ.

2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿಯನ್ನು ಹಾಕಿವೆ, ರಾತ್ರಿಯೆಂದರೆ 10ರಿಂದ ಬೆಳಗ್ಗೆ 6ರವರೆಗೆ. ಅಪಾರ್ಟ್‌ಮೆಂಟ್‌ಗಳಲ್ಲಿ ಗಾಯನಕ್ಕಿಂತ ಬೇಸ್ ಗೋಡೆ ಮತ್ತು ನೆಲದ ಮೂಲಕ ಹೆಚ್ಚು ದೂರ ಹೋಗುತ್ತದೆ. ವಾಲ್ಯೂಮ್ ಕಡಿಮೆ ಇದೆ ಎಂದು ನಿಮಗೆ ಅನ್ನಿಸುವಾಗಲೂ ಕೆಳಮನೆಯವರ ಮಂಚ ನಡುಗುತ್ತಿರಬಹುದು. ವಾರದ ದಿನಗಳಲ್ಲಿ ಹೆಡ್‌ಫೋನ್ ಒಂದರಲ್ಲೇ, ಕ್ಯೂ (ಮುಂದೆ ಬರುವ ಹಾಡು) ಮತ್ತು ಮಾಸ್ಟರ್ (ಸ್ಪೀಕರ್‌ಗೆ ಹೋಗುವ ಧ್ವನಿ) ಎರಡನ್ನೂ ಬೆರೆಸಿ ಕೇಳುತ್ತ ಅಭ್ಯಾಸ ಮಾಡಿ. ಸ್ಪೀಕರ್ ಅನ್ನು ವಾರಕ್ಕೊಮ್ಮೆ ಹಗಲು ಹೊತ್ತಿನಲ್ಲಿ ಬಳಸಿದರೆ ಸಾಕು.

ಹೆಡ್‌ಫೋನ್‌ಗೂ ಮಿತಿಯಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಧ್ವನಿಯನ್ನು ವಾರಕ್ಕೆ 40 ಗಂಟೆ ಕೇಳಬಹುದಾದರೆ, 90 ಡೆಸಿಬಲ್‌ನಲ್ಲಿ ಆ ಮಿತಿ 4 ಗಂಟೆಗೆ ಇಳಿಯುತ್ತದೆ. ಹೆಡ್‌ಫೋನ್ ತೆಗೆದ ಮೇಲೆ ಕಿವಿಯಲ್ಲಿ ಗುಂಯ್‌ಗುಡುವಿಕೆ ಉಳಿದರೆ ಎರಡು ದಿನ ಡೆಕ್ ಮುಟ್ಟಬೇಡಿ. ಹೋಗದೆ ಉಳಿದರೆ ಕಿವಿಯ ವೈದ್ಯರನ್ನು ಕಾಣಿ.

ದಾರಿ ತಪ್ಪುತ್ತಿರುವ ಸೂಚನೆಗಳು

ಅಭ್ಯಾಸದ ಪಟ್ಟಿ ಇಪ್ಪತ್ತರಿಂದ ಎಂಬತ್ತಕ್ಕೆ ಏರಿದ್ದರೆ ನೀವು ಮತ್ತೆ ಡೆಕ್ ಮುಂದೆ ಹಾಡು ಹುಡುಕುತ್ತಿದ್ದೀರಿ. ಮೂರು ರೆಕಾರ್ಡಿಂಗ್‌ಗಳನ್ನು ಕೇಳದೆಯೇ ಬಿಟ್ಟಿದ್ದರೆ ಹೊಸದನ್ನು ಮಾಡುವ ಮೊದಲು ಅವನ್ನು ಕೇಳಿ. ಒಂದೇ ಜೋಡಿಯನ್ನು ಮೂರು ವಾರ ತಪ್ಪಿಲ್ಲದೆ ಬೆಸೆಯುತ್ತಿದ್ದರೆ ಆ ಜೋಡಿಯನ್ನು ಕೈಬಿಡುವ ಹೊತ್ತು ಬಂದಿದೆ. ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ಹೊಸ ಸಲಕರಣೆಯ ಆಸೆ ಹುಟ್ಟಿದಾಗ. ನಾಲ್ಕು ಚಾನೆಲ್‌ನ ಕಂಟ್ರೋಲರ್‌ಗಳ ವಿಮರ್ಶೆಗಳನ್ನು ನೋಡುತ್ತ ಕಳೆದ ಸಂಜೆಗಳು ವಾರದಲ್ಲಿ ಎಷ್ಟು ಎಂದು ನೋಟ್‌ಬುಕ್‌ನಲ್ಲಿ ಬರೆಯಿರಿ; ಆ ಸಂಜೆಗಳೆಲ್ಲ ಅಭ್ಯಾಸದ ಲೆಕ್ಕದಿಂದಲೇ ಹೋಗಿರುತ್ತವೆ.

ಹಂತ 7: ವರ್ಷದ ಲೆಕ್ಕ ಮತ್ತು ಮುರಿದ ವಾರಗಳು

ಮದುವೆ ಕಾರ್ಯಕ್ರಮಗಳಿಗೆ ಹೋಗುವವರಿಗೆ ವರ್ಷವಿಡೀ ಒಂದೇ ಲೆಕ್ಕ ಹೊಂದುವುದಿಲ್ಲ. ಲಗ್ನಗಳ ಕಾಲದಲ್ಲಿ ವಾರಕ್ಕೆ ಎರಡು ಅಭ್ಯಾಸವಾದರೂ ಸಾಕು, ಕಾರ್ಯಕ್ರಮದ ಮರುದಿನ ಕಿವಿಗೆ ಪೂರ್ತಿ ರಜೆ ಕೊಡಿ. ಆಷಾಢದಲ್ಲಿ ಮದುವೆಗಳು ನಿಲ್ಲುವುದರಿಂದ, ಹಾಡುಗಳ ಸಂಗ್ರಹವನ್ನು ಶುಚಿಗೊಳಿಸುವುದು, ಹಳೆಯ ಗೀತೆಗಳ ಬೀಟ್‌ಗ್ರಿಡ್ ತಿದ್ದುವುದು, ಅಲ್ಲಿಯವರೆಗೆ ಮುಟ್ಟದ, ತಟ್ಟೆಯನ್ನು ಹಿಂದುಮುಂದು ತಿರುಗಿಸಿ ಸದ್ದು ಹುಟ್ಟಿಸುವ ಸ್ಕ್ರ್ಯಾಚ್‌ನಂತಹ ಹೊಸ ವಿದ್ಯೆಯನ್ನು ಹಿಡಿಯುವುದು ಮುಂತಾದ ದೊಡ್ಡ ಕೆಲಸಗಳನ್ನು ಆ ಒಂದು ತಿಂಗಳಿಗೆ ಎತ್ತಿಡಿ. ಶ್ರಾವಣ ಬಂದರೆ ಶುಭಕಾರ್ಯಗಳು ಶುರು, ಅದರ ಬೆನ್ನಿಗೇ ಗಣೇಶನ ಹಬ್ಬ.

ಜ್ವರ, ಊರಿನ ಪ್ರಯಾಣ, ಕಚೇರಿಯ ಗಡುವು ಇವುಗಳಿಂದ ಒಂದೆರಡು ವಾರ ಪೂರ್ತಿ ತಪ್ಪಿಯೇ ತಪ್ಪುತ್ತದೆ. ತಪ್ಪಿದ್ದನ್ನು ತುಂಬಿಸಲು ಹೋಗಬೇಡಿ. ಮರಳಿದ ಮೊದಲ ದಿನ ಹತ್ತೇ ನಿಮಿಷದ ಅಲಾರಂ ಇಟ್ಟು, ಹಿಂದೆ ಸಲೀಸಾಗಿ ಬರುತ್ತಿದ್ದ ಹಳೆಯ ಜೋಡಿಯೊಂದನ್ನು ತೆಗೆದುಕೊಂಡು, ರೆಕಾರ್ಡ್ ಮಾಡದೆ ಐದಾರು ಬಾರಿ ಬೆಸೆಯಿರಿ. ಎರಡನೆಯ ದಿನ ಹದಿನೈದು ನಿಮಿಷ. ಮೂರನೆಯ ದಿನ ಪಂಚೆ ಸರಿಸಿ, ನೋಟ್‌ಬುಕ್‌ನಲ್ಲಿ ಉಳಿದಿರುವ ಕೊನೆಯ ಸಾಲನ್ನು ಓದಿ, ಅಲ್ಲಿಂದಲೇ ಹೊಸ ಜೋಡಿಯನ್ನು ಶುರುಮಾಡಿ.